ಶೌಕಿಗೆ ಕದ್ದ ಕೊಡ

ಮೊನ್ನೆ ಔರಾದದಿಂದ ನಮ್ಮ ಕಾಕಾನ ಮಗ ಫೋನ್ ಮಾಡಿದ್ದ. ಅವನ ಹದಿನಾರರ ಮಗ ಯಾವುದೋ ಅಂಗಡಿಯಲ್ಲಿ ವಾಚು ಕದ್ದು ಸಿಕ್ಕಿಬಿದ್ದನಂತೆ. "ಮನ್ಯಾಗ ನಾಕು ವಾಚ್ ಅವ ಅಕ್ಕಾ. ಏನೋ ಶೌಕಿಗೆ ತಗೊಂಡಾನ" ಎಂದ. ಶೌಕು! ಮೋಜಿಗೆ ಹೇಳುವ ಈ ಶಬ್ದ ಕೇಳಿದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತದೆ. ಇಲ್ಲಿ ಚಿದ್ರಿಯ ನನ್ನ ಅಡುಗೆಮನೆಯಲ್ಲಿ ಹಾಲು ಉಕ್ಕಿ ಹೋದದ್ದೂ ತಿಳಿಯಲಿಲ್ಲ, ನೋಡಿ.

ಬಹಳ ಹಿಂದೆ, ಬರ ಬಿದ್ದ ಒಂದು ವರ್ಷ ನಾನು ಔರಾದದಲ್ಲಿ ಕಾಕಾನ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದೆ. ಓಣಿಯ ಅರ್ಧ ಮನೆಗಳಿಗೆ ಬೀಗ. ಜನ ಪುಣೆ, ಹೈದರಾಬಾದು ಎಂದು ದುಡಿಯಲು ಹೋಗಿದ್ದರು. ಉಳಿದವರು ಟ್ಯಾಂಕರ್ ಕಾಯಬೇಕು. ಅದನ್ನೂ ಹೆಂಗಸರ ಬದಲು ಕೊಡಗಳೇ ಕಾಯುತ್ತಿದ್ದವು. ಕೊಡದ ಕೊರಳಿಗೆ ಗುರುತಿನ ಚಿಂದಿ ಕಟ್ಟಿ, ಪಾಳಿಯ ಸಾಲಿನಲ್ಲಿಟ್ಟು ಕೆಲಸಕ್ಕೆ ಹೋಗುವುದು. ಎಂಥ ಜಗಳಗಂಟಿಯೂ ಇನ್ನೊಬ್ಬರ ಕೊಡ ಸರಿಸುತ್ತಿರಲಿಲ್ಲ. ನಮ್ಮ ಕಾಕಾನ ಮನೆಗೇನು, ಬೋರು ಇತ್ತು.

ಎದುರುಮನೆಯ ಕಮಳಾಬಾಯಿಯದು ಕೆಂಪು ಚಿಂದಿ. ಮನೆಯಲ್ಲಿ ಬಾಣಂತಿ ಮಗಳು. ಒಂದು ದಿನ ಟ್ಯಾಂಕರ್ ಬಂದಾಗ ಅವಳ ಕೊಡವೇ ಇಲ್ಲ.

"ಇಲ್ಲೇ ನಿಂತಿತ್ತರೀ ನನ್ನ ಕೊಡ!"

"ಕೊಡ ಇಡದೇ ಪಾಳಿ ಕೇಳ್ತೀ? ಸುಳ್ಳಿ!" ಎಂದರು ಹೆಂಗಸರು. ಅವಳು ಬರಿಗೈಲಿ ಮನೆಗೆ ಹೋದಳು.

ಕೊಡ ಸಿಕ್ಕಿದ್ದು ನಮ್ಮ ಮಾಳಿಗೆಯ ಮೇಲೆ. ತಂದವನು ಈಗ ಫೋನ್ ಮಾಡಿದ ಇದೇ ತಮ್ಮ, ಆಗ ಅವನಿಗೂ ಹದಿನಾರು. "ಯಾಕೋ?" ಎಂದರೆ, "ಹಂಗೇ. ಆಕಿ ಹುಡುಕ್ಯಾಡೂದು ನೋಡಿ ಮಜಾ ಬಂತು" ಎಂದು ನಕ್ಕ. ಕಾಕಿ ಮಗನ ತಲೆ ಸವರಿ, "ಹೋಗ್ಲಿ ಬಿಡ, ಹುಡುಗರ ಶೌಕು" ಎಂದಳು.

ಬೋರಿನ ನೀರು ತುಂಬಿಕೊಂಡು ನಾನೇ ಕೊಡ ಒಯ್ದು ಕೊಟ್ಟು, ತಮ್ಮ ಮಾಡಿದ್ದನ್ನು ಹೇಳಿದೆ. ಕಮಳಾಬಾಯಿ ನೀರನ್ನು ಮಗಳಿಗೆ ಕೊಟ್ಟು ಬಂದು ಹೇಳಿದಳು: "ನೀರೇನೋ ಸಿಕ್ತರಿ ಬಾಯಿ. ಎಲ್ಲಾರೂ ನನಗ ಸುಳ್ಳಿ ಅಂದ್ರಲ್ಲ, ಪಾಳಿ ಮುಂದ ಆ ಹುಡುಗನ ಕೈಲಿ ಖರೇ ಹೇಳಸ್ರಿ."

ಕಾಕಿ ಮಗನನ್ನು ಕಳಿಸಲಿಲ್ಲ. ಸ್ವಲ್ಪ ದಿನಕ್ಕೆ ಕಮಳಾಬಾಯಿಯ ಮನೆಗೂ ಬೀಗ ಬಿತ್ತು. ಸುಳ್ಳಿ ಎನ್ನಿಸಿಕೊಂಡೇ ಊರು ಬಿಟ್ಟಳು.

ಉಳ್ಳವರ ಮಕ್ಕಳು ಯಾಕೆ ಕದಿಯುತ್ತಾರೆ ಎಂದರೆ ತಿಳಿದವರು ಒಂಟಿತನ, ಬೇಸರ ಎನ್ನುತ್ತಾರೆ. ಇರಬಹುದು. ಆದರೆ ಕದ್ದದ್ದನ್ನು ಕಳವು ಎನ್ನುವವರು ಮನೆಯಲ್ಲಿ ಒಬ್ಬರೂ ಇಲ್ಲದಿದ್ದರೆ ಯಾವ ಹುಡುಗ ತಾನೇ ಬಿಟ್ಟಾನು? ಬಡವರ ಕೂಸು ಒಂದು ಪೇರಲ ಹಣ್ಣು ಕಿತ್ತರೆ ಕಳ್ಳ, ಇವರು ಬಾಣಂತಿಯ ನೀರು ಕದ್ದರೂ ಶೌಕು!

"ಶೌಕು ಅಲ್ಲೋ, ಕಳವು," ಎಂದೆ ಫೋನಿನಲ್ಲಿ. "ಹುಡುಗನ್ನ ಕರಕೊಂಡು ಅಂಗಡಿಗೆ ಹೋಗು. ಮಂದಿ ಮುಂದ ಅವನ ಬಾಯಿಲೇ ಹೇಳಸು."

ಅವನು ಸಣ್ಣ ದನಿಯಲ್ಲಿ ಕೇಳಿದ: "ಅಕ್ಕಾ, ಕಮಳಾಬಾಯಿ ಈಗ ಎಲ್ಲಿರ್ತಾಳ?"

ಅದು ನನಗೂ ಗೊತ್ತಿಲ್ಲ.