ಪಲ್ಲೆಯ ಮೊದಲ ತುತ್ತು

ಪಲ್ಲೆ ಹುರಿಯುವಷ್ಟು ಸುಲಭದ ಅಡುಗೆ ಇನ್ನೊಂದಿಲ್ಲ ಎಂದು ನಾನು ಕಂಡವರಿಗೆಲ್ಲ ಹೇಳುತ್ತೇನೆ. ಕೊನೆಯ ರೊಟ್ಟಿ ತೆಗೆದ ಮೇಲೂ ಹಂಚು ಕಾದೇ ಇರುತ್ತದೆ. ನಾಲ್ಕು ಹನಿ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಒಂದು ಹಸಿಮೆಣಸಿನಕಾಯಿ, ಮೇಲೆ ಎರಡು ಬೊಗಸೆ ಸೊಪ್ಪು. ಚುರ್ ಎಂದು ಗದ್ದಲ ಮಾಡಿ, ಗುಡ್ಡದಷ್ಟಿದ್ದದ್ದು ಅಂಗೈಯಷ್ಟಾಗಿ ಕೂರುತ್ತದೆ. ಐದು ನಿಮಿಷದ ಕೆಲಸ, ಮೈಗೂ ಒಳ್ಳೆಯದು. ಆ ಐದು ನಿಮಿಷದ ಪಲ್ಲೆಗಾಗಿ ನಾವು ಅರ್ಧ ದಿನ ಉಸಿರು ಬಿಗಿಹಿಡಿದು ಕಾಯುತ್ತಿದ್ದ ಕಾಲವೊಂದಿತ್ತು ಎಂಬುದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ. ನಿಮಗೆ ಹೇಳುತ್ತೇನೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಇಂಡಿ ಪಟ್ಟಣದಿಂದ ಇಂಗಳೇಶ್ವರದ ಕಡೆಯ ಹಳ್ಳಿಗೆ ಸೊಸೆಯಾಗಿ ಬಂದಿದ್ದೆ. ಹೊಟ್ಟೆಯಲ್ಲಿ ಐದು ತಿಂಗಳ ಕೂಸು. ಆ ವರ್ಷ ಮಳೆ ಕೈಕೊಟ್ಟು ಮೆಂತ್ಯ, ರಾಜಗಿರಿ ಸಂತೆಯಿಂದಲೇ ಮಾಯವಾಗಿದ್ದವು. ನನ್ನ ಅತ್ತೆ ನೀಲವ್ವ ಹಳ್ಳದ ದಂಡೆಗೆ ಹೋಗಿ, ಸಿಕ್ಕ ಹಸಿರನ್ನೆಲ್ಲ ಉಡಿಯಲ್ಲಿ ತುಂಬಿಕೊಂಡು ಬರುತ್ತಿದ್ದರು. ಹೆಸರು ಗೊತ್ತಿಲ್ಲದ ಎಲೆ ಬಂದರೆ ಮನೆಯಲ್ಲೊಂದು ಕಟ್ಟಳೆಯಿತ್ತು. ಮುಂಜಾನೆ ಹುರಿದದ್ದನ್ನು ಅವರೊಬ್ಬರೇ ತಿಂದು ಕಟ್ಟೆಯ ಮೇಲೆ ಕೂರಬೇಕು. ಸೂರ್ಯ ನೆತ್ತಿಗೆ ಬರುವವರೆಗೂ ಅವರು ನೆಟ್ಟಗಿದ್ದರೆ ಉಳಿದವರ ಊಟ.

ಅವರ ಬುದ್ಧಿ ಸರಿಯಿದೆಯೇ ಎಂದು ಆಗಾಗ ಪರೀಕ್ಷಿಸುವ ಕೆಲಸ ನನ್ನದು.

“ಎತ್ತಿಗೆ ಎಷ್ಟು ಕಾಲ್ರಿ ಅತ್ತಿ?”

“ನಿನ್ನ ಗಂಡಗ ಇರೋದರ ಎರಡರಷ್ಟು. ಹೋಗ, ಕೆಲಸ ನೋಡು.”

ನಾನು ನಗುತ್ತಿದ್ದೆ, ನಗುತ್ತಲೇ ಅವರ ಕಣ್ಣು ನೋಡುತ್ತಿದ್ದೆ. ಒಬ್ಬರು ಬದುಕಿದರೆ ಉಣ್ಣೋಣ ಎಂದು ಹಸಿದು ಕಾಯುತ್ತಿದ್ದೆವಲ್ಲ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಂದು ದಿನ ಅಗಲ ಎಲೆಯ, ಮೆತ್ತನೆಯ ಪಲ್ಲೆ ಬಂತು. ಅತ್ತೆ ತಿಂದು ಕೂತರು. ಬಿಸಿಲೇರಿತು. ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಹೊರಗೆ ಬಂದು ಎತ್ತಿನ ಕಾಲಿನ ಪ್ರಶ್ನೆಯನ್ನೇ ಕೇಳಿದೆ. ಅತ್ತೆ ಪಕ್ಕದ ಖಾಲಿ ಜಾಗವನ್ನು ಸೆರಗಿನಿಂದ ಒರೆಸುತ್ತಿದ್ದರು.

“ಕೂಡು ಶಾಂತಾ. ಬಿಸಿಲಾಗ ಎಷ್ಟು ದೂರಿಂದ ಬಂದಿ.”

ಶಾಂತಾ ಅವರ ಮಗಳು. ಏಳು ವರ್ಷದವಳಿದ್ದಾಗ ಜ್ವರ ಬಂದು ತೀರಿಕೊಂಡಿದ್ದಳು. ನಾನು ಆ ಮನೆ ಕಾಣುವುದಕ್ಕೂ ಎಷ್ಟೋ ಮೊದಲಿನ ಮಾತದು.

ಅತ್ತೆಯ ಕಣ್ಣಪಾಪೆಗಳು ಬಾವಿಯ ಬಾಯಿಯಂತೆ ತೆರೆದುಕೊಂಡಿದ್ದವು. ಅದಕ್ಕಿಂತ ಹೆಚ್ಚು ಹೆದರಿಸಿದ್ದು ನನ್ನದೇ ನಾಲಿಗೆ. ಅದು ಒಣಗಿ ಅಂಗುಳಿಗೆ ಅಂಟಿತ್ತು. ಹುರಿಯುವಾಗ ಉಪ್ಪು ನೋಡಲೆಂದು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಿದ್ದೆ. ಉಪ್ಪು ನೋಡದೆ ಅಡುಗೆ ಇಳಿಸುವುದು ನನ್ನಿಂದ ಆಗದ ಮಾತು. ಅಂದರೆ ಇಷ್ಟು ದಿನವೂ ಮೊದಲ ತುತ್ತು ಅವರದಾಗಿರಲಿಲ್ಲ. ನನ್ನದಾಗಿತ್ತು, ಹೊಟ್ಟೆಯ ಕೂಸಿನದಾಗಿತ್ತು.

“ಅತ್ತಿ, ನಾನೂ ತಿಂದೀನ್ರಿ,” ಎಂದೆ.

ಅವರು ನನ್ನ ಕಡೆ ತಿರುಗಿದರು. ಆ ಹೊತ್ತಿಗೆ ತಿಳಿವು ಎಲ್ಲಿಂದ ಬಂತೋ! ತುರುಬು ಹಿಡಿದು ಅಂಗಳಕ್ಕೆ ಎಳೆದೊಯ್ದು, ಗಂಟಲಿಗೆ ಎರಡು ಬೆರಳು ತುರುಕಿ, ಹೊಟ್ಟೆ ಬರಿದಾಗುವವರೆಗೂ ಬಿಡಲಿಲ್ಲ.

“ನೀವೂ ಕಾರ್ರಿ ಅತ್ತಿ,” ಎಂದು ಅಳುತ್ತ ಬೇಡಿದೆ.

“ನಾ ಯಾಕ ಕಾರ್ಲಿ? ಅಕಿ ಇನ್ನೂ ಕುಂತಾಳ,” ಎಂದವರೇ ಕಟ್ಟೆಗೆ ಮರಳಿದರು.

ಹೊಲದಿಂದ ಓಡಿಬಂದ ನಮ್ಮ ಯಜಮಾನರು ಇಬ್ಬರನ್ನೂ ಗಾಡಿಯಲ್ಲಿ ಬಾಗೇವಾಡಿಯ ಡಾಕ್ಟರರ ಹತ್ತಿರ ಒಯ್ದರು. ಪಲ್ಲೆಯಲ್ಲಿ ದತ್ತೂರಿಯ ಎಳೆ ಎಲೆ ಸೇರಿತ್ತಂತೆ. ಎರಡು ದಿನಕ್ಕೆ ಇಬ್ಬರೂ ಸರಿಯಾದೆವು. ಕೂಸು ಒಳಗಿನಿಂದ ಒದ್ದಾಗ ನಾನು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ.

ಮೂರನೆಯ ದಿನ ರೊಟ್ಟಿ ತಟ್ಟುತ್ತಿದ್ದಾಗ ಅತ್ತೆ ಒಲೆಯ ಬಳಿ ಬಂದು ಕೂತರು. ದನಿ ತಗ್ಗಿಸಿ ಕೇಳಿದರು: “ನೀನೂ ತಿಂದಿದ್ದಿಯಲ್ಲ. ನಿನಗೂ ಕಂಡ್ಳೇನು?”

ನನಗೆ ಕಂಡದ್ದು ಬರೀ ಬಿಸಿಲು. “ಹೂಂನ್ರಿ, ಕಂಡ್ಳು,” ಎಂದೆ.

“ಏನ್ ಮಾಡಾಕತ್ತಿದ್ಳು?”

ಸುಳ್ಳನ್ನು ಅಷ್ಟು ದೂರ ಯೋಚಿಸಿರಲಿಲ್ಲ. ಬಾಯಿಗೆ ಬಂದದ್ದು ಹೇಳಿಬಿಟ್ಟೆ: “ಪಲ್ಲೆ ರೊಟ್ಟಿ ತಿನ್ನಾಕತ್ತಿದ್ಳು.”

ಅತ್ತೆ ನನ್ನ ಮುಖವನ್ನೇ ನೋಡಿದರು. “ಶಾಂತಾಗ ಪಲ್ಲೆ ಅಂದ್ರ ಆಗ್ತಿರಲಿಲ್ಲ. ತಾಟು ದೂಡಿ ಎದ್ದು ಹೋಗಾಕಿ.”

ಸಿಕ್ಕಿಬಿದ್ದೆ ಎಂದುಕೊಂಡೆ. ಅವರು ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದರು. ಮೆಲ್ಲಗೆ ಹೇಳಿದರು:

“ಈಗ ದೊಡ್ಡಾಕಿ ಆಗ್ಯಾಳಲ್ಲ. ತಿಂತಾಳ.”