ಬೀಡಿ ಕತ್ತರಿಯೂ ನಮ್ಮ ನುಣುಪು ಕಾರ್ಡೂ

ನನ್ನ ಹತ್ತು ವರ್ಷಗಳ ಕೆಲಸಕ್ಕೆ ಅಮ್ಮ ಕತ್ತರಿ ಹಾಕಿದ್ದು ಒಂದು ಭಾನುವಾರ, ಬೆಳಗಿನ ನೀರುದೋಸೆಯಾದ ಮೇಲೆ. ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದಳು. ಬೀಡಿ ಎಲೆ ಕತ್ತರಿಸುವ ಕತ್ತರಿಯಿಂದ ತನ್ನ ಎಟಿಎಂ ಕಾರ್ಡಿನ ಅಂಚನ್ನು ಕಚಕ್ಕನೆ ಕತ್ತರಿಸಿ, ಬಿದ್ದ ಚೂರನ್ನು ಎಲೆಯ ಚೂರುಗಳ ಜೊತೆಗೇ ಅಂಗಳಕ್ಕೆ ಕೊಡವಿದಳು. ನಾನು ಕಾರ್ಡು ತಯಾರಿಸುವ ಕಾರ್ಖಾನೆಯಲ್ಲಿ ವಿನ್ಯಾಸ ವಿಭಾಗದವಳು. ನನ್ನ ಕಣ್ಣೆದುರಿಗೇ!

"ಅಮ್ಮಾ, ಎಂತ ಮಾಡಿದ್ದು ನೀನು?"

"ಗುರುತು ಹಾಕಿದೆ," ಎಂದಳು, ಏನೂ ಆಗದವರ ಹಾಗೆ.

ಮನೆಯಲ್ಲಿ ನಾವು ಮಾತಾಡುವುದು ತುಳು. ಕನ್ನಡಕ್ಕೆ ತರುವಾಗ ಅಮ್ಮನ ಮಾತಿನ ಖಾರ ಅರ್ಧ ಇಳಿದಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಆ ಗುರುತಿನ ಕಥೆಯನ್ನು ನನ್ನ ಜಂಬದಿಂದಲೇ ಶುರು ಮಾಡಬೇಕು.

ನಮ್ಮ ಮನೆ ಪುಂಜಾಲಕಟ್ಟೆಯಿಂದ ಸ್ವಲ್ಪ ಒಳಗೆ, ಕಾರ್ಖಾನೆ ಮೂಡುಬಿದಿರೆಯ ಆಚೆ. ದಿನಾ ಎರಡು ಬಸ್ಸು ಬದಲಿಸಿ, ಕಾಲೇಜು ಮಕ್ಕಳ ಬೆನ್ನುಚೀಲಗಳಿಂದ ತಿವಿಸಿಕೊಂಡು ಹೋಗುತ್ತೇನೆ. ಕೆಲಸ ಏನು ಎಂದು ಬಸ್ಸಿನಲ್ಲಿ ಯಾರಾದರೂ ಕೇಳಿದರೆ "ಕಾರ್ಡು ಮಾಡುವುದು" ಎನ್ನುತ್ತಿದ್ದೆ. ಒಬ್ಬರು ತಂಗಿಯ ಮದುವೆಗೆ ಐನೂರು ಕಾರ್ಡು ಬೇಕಿತ್ತು, ಎಷ್ಟಾಗ್ತದೆ ಎಂದು ಕೇಳಿದರು. ಇನ್ನೊಬ್ಬರು ದನಿ ತಗ್ಗಿಸಿ, "ನಮ್ಮದು ಎಪಿಎಲ್ ಆಗಿ ಹೋಗಿದೆ, ಬಿಪಿಎಲ್ ಮಾಡಿ ಕೊಡ್ಲಿಕ್ಕೆ ಆಗ್ತದಾ?" ಎಂದರು. ಬ್ಯಾಂಕಿನ ಕಾರ್ಡು ಎಂದು ವಿವರಿಸಿದಾಗ ಇಬ್ಬರಿಗೂ ನನ್ನ ಮೇಲಿದ್ದ ಗೌರವ ಕಡಿಮೆಯಾಯಿತು.

ಅಮ್ಮನಿಗೂ ಅಷ್ಟೇ. ಕಾರ್ಡು ಆಗುವುದು ಹೇಗೆ ಎಂದು ಒಮ್ಮೆ ಕೇಳಿದಳು. ಬಿಳಿಯ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಬಣ್ಣದ ಹಾಳೆ, ನಡುವೆ ಕೂದಲಿನಷ್ಟು ತೆಳ್ಳಗಿನ ತಂತಿ ಸುತ್ತಿದ ಹಾಳೆ, ಎಲ್ಲದರ ಮೇಲೆ ಪಾರದರ್ಶಕ ಪದರ. ಇವನ್ನೆಲ್ಲ ಒಂದರ ಮೇಲೊಂದು ಇಟ್ಟು, ಬಿಸಿ ಕೊಟ್ಟು, ಒತ್ತಿ, ತಣಿಸಿ, ಆಮೇಲೆ ಕಾರ್ಡಿನ ಅಳತೆಗೆ ಕತ್ತರಿಸುವುದು, ಹೊಳೆಯುವ ಎಲೆಕ್ಟ್ರಾನಿಕ್ ಚಿಪ್ಪಿಗೆ ಗುಳಿ ಕೊರೆದು ಕೂರಿಸುವುದು ಎಂದು ನಾನು ಪಾಠ ಮಾಡುವ ಹಾಗೆ ಹೇಳಿದೆ.

"ಎಲೆ ಮೇಲೆ ಎಲೆ ಇಡುವ ಪತ್ರೊಡೆಯ ಹಾಗೆ," ಎಂದಳು. "ಸುತ್ತುವುದೊಂದು ಇಲ್ಲ."

ಅವಳು ಬೀಡಿ ಕಟ್ಟಲು ಕುಳಿತದ್ದು ಶಾಲೆ ಬಿಟ್ಟ ವರ್ಷ. ಎಡಗೈಯಲ್ಲಿ ಎಲೆ, ಎಲೆಯ ಮೇಲೆ ಅಳತೆಯ ತಗಡು, ಬಲಗೈಯಲ್ಲಿ ಕತ್ತರಿ. ತಗಡಿನ ಸುತ್ತ ಕತ್ತರಿ ತಿರುಗಿದರೆ ಎಲ್ಲ ಎಲೆಯೂ ಒಂದೇ ಅಳತೆ. ಕಟ್ಟಿದ ಬೀಡಿಯನ್ನು ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟಾಗ ಅಲ್ಲಿಯ ಯಜಮಾನರು ಕಟ್ಟು ಬಿಡಿಸಿ, ಬೆರಳಿನಲ್ಲಿ ಉರುಳಿಸಿ, ಸರಿಯಿಲ್ಲದ್ದನ್ನು ಪಕ್ಕಕ್ಕೆ ಎಸೆಯುತ್ತಿದ್ದರು. ಯಾಕೆ ಎಸೆದರು ಎಂದು ಹೇಳುವ ಪದ್ಧತಿ ಇರಲಿಲ್ಲ. ಸರಿಯಿದ್ದರೂ ಏನೂ ಹೇಳುತ್ತಿರಲಿಲ್ಲ, ಸುಮ್ಮನೆ ಆಚೆ ಬದಿಗೆ ಇಡುತ್ತಿದ್ದರು. "ಅವರು ಮಾತಾಡಲಿಲ್ಲ ಅಂದ್ರೆ ಒಳ್ಳೆದುಂಟು ಅಂತ ಲೆಕ್ಕ," ಎಂದು ಅಮ್ಮ ಹೇಳುತ್ತಿದ್ದಳು.

ಅಷ್ಟು ವರ್ಷ ಎಲೆ ತಿಕ್ಕಿ ಅವಳ ಬೆರಳಿನ ಗೆರೆಗಳು ಸವೆದುಹೋಗಿವೆ. ರೇಷನ್ ಅಂಗಡಿಯ ಮಿಷನ್ ಮೇಲೆ ಹೆಬ್ಬೆರಳು ಒತ್ತಿದರೆ ಅದಕ್ಕೆ ಇವಳ ಗುರುತೇ ಹತ್ತುವುದಿಲ್ಲ. ಒರೆಸಿ ಒತ್ತಿ, ತೊಳೆದು ಒತ್ತಿ, ಕೊನೆಗೆ ಅಂಗಡಿಯವರು "ನೀವು ಇದ್ದೀರಿ ಅಂತ ಮಿಷನ್ ಒಪ್ಪುವುದಿಲ್ಲ ಅಮ್ಮ" ಎನ್ನುತ್ತಾರೆ. ಆದ್ದರಿಂದ ಅವಳನ್ನು ಅವಳೆಂದು ಒಪ್ಪುವ ಏಕೈಕ ಯಂತ್ರವೆಂದರೆ ಪುಂಜಾಲಕಟ್ಟೆ ಪೇಟೆಯ ಎಟಿಎಂ. ಅಪ್ಪ ಇದ್ದಾಗ ಪಾಸ್‌ಬುಕ್ಕು ಅವರ ಕಿಸೆಯಲ್ಲಿರುತ್ತಿತ್ತು. ಸೋಪು ತರಬೇಕಾದರೂ ಆ ಕಿಸೆಯನ್ನು ಕೇಳಬೇಕಿತ್ತು. ಅಪ್ಪ ಹೋದ ಮೇಲೆ ಬಂದ ಕಾರ್ಡಿನ ಮೇಲೆ ಅವಳ ಹೆಸರೊಂದೇ ಇತ್ತು. ತಿಂಗಳಿಗೊಮ್ಮೆ ಒಳ್ಳೆಯ ಸೀರೆ ಉಟ್ಟು, ಒಬ್ಬಳೇ ಬಸ್ಸಿನಲ್ಲಿ ಹೋಗಿ, ತನ್ನ ದುಡ್ಡು ತಾನೇ ತೆಗೆದು, ಹೋಟೆಲಿನಲ್ಲಿ ಒಂದು ಗೋಳಿಬಜೆ ತಿಂದು ಬರುವುದು ಅವಳಿಗೆ ಯಾವ ಹಬ್ಬಕ್ಕೂ ಕಡಿಮೆಯಲ್ಲ. ಆ ದಿನ ನಾನು ಜೊತೆಗೆ ಹೊರಟರೆ ಮುಖ ಗಂಟಿಕ್ಕುತ್ತಿದ್ದಳು.

ಆಗಲೇ ಕಣ್ಣಿನ ಒತ್ತಡದ ಕಾಯಿಲೆ ಅಂಟಿಕೊಂಡಿತು. ಹೋದ ದೃಷ್ಟಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳುವ ಎಂದರು ಡಾಕ್ಟರು. "ಒಲೆ ಊದುವ ಕೊಳವೆಯಿಂದ ನೋಡಿದ ಹಾಗೆ ಕಾಣ್ತದೆ," ಎಂದಳು ಅಮ್ಮ. ನಡುವೆ ಒಂದಿಷ್ಟು ಬೆಳಕು, ಸುತ್ತ ಏನೂ ಇಲ್ಲ. ಆದರೂ ಎಟಿಎಂಗೆ ಹೋಗುವುದನ್ನು ಬಿಡಲಿಲ್ಲ. ಗುಂಡಿಗಳ ನಡುವಿನ ಐದರ ಮೇಲೆ ಒಂದು ಚುಕ್ಕಿ ಉಬ್ಬಿರುತ್ತದೆ, ಅದರಿಂದ ಲೆಕ್ಕ ಹಿಡಿದು ಉಳಿದವನ್ನು ಒತ್ತುತ್ತಿದ್ದಳು. ಕಾರ್ಡಿನ ಮೇಲೆ ಉಬ್ಬಿದ ಅಂಕಿಗಳಿದ್ದವು. ಬೆರಳಾಡಿಸಿದರೆ ಸಾಕು, ಮೇಲು ಯಾವುದು, ಮುಂದು ಯಾವುದು ಗೊತ್ತಾಗುತ್ತಿತ್ತು.

ಆ ಉಬ್ಬಿದ ಅಂಕಿಗಳನ್ನು ತೆಗೆದವರಲ್ಲಿ ನಾನೂ ಒಬ್ಬಳು.

ನಮ್ಮ ವಿಭಾಗದ ಮುಖ್ಯಸ್ಥರಿಗೆ ನುಣುಪು ಎಂದರೆ ಪ್ರಾಣ. ಅಂಕಿ ಉಬ್ಬಿಸುವುದು ಹಳೆಯ ಕಾಲದ್ದು, ಇನ್ನು ಅಚ್ಚು ಹಾಕಿದರೆ ಸಾಕು, ಅದೂ ಹಿಂಬದಿಯಲ್ಲಿ ಎಂದು ಬ್ಯಾಂಕಿನವರೂ ನಾವೂ ಸೇರಿ ನಿರ್ಧರಿಸಿದೆವು. ಮುಂಬದಿಯಲ್ಲಿ ನೀಲಿ ಮಾತ್ರ, ಸಮುದ್ರದ್ದಲ್ಲ, ಆಕಾಶದ್ದೂ ಅಲ್ಲ, ಇವೆರಡರ ನಡುವೆ ನಾನು ಮೂರು ವಾರ ಹುಡುಕಿದ ನೀಲಿ. ಮನೆಗೆ ಬಂದು ಅಮ್ಮನಿಗೆ ಹೇಳಿದೆ, "ಇನ್ನು ಕಾರ್ಡು ಕನ್ನಡಿಯ ಹಾಗೆ, ಅಮ್ಮ. ಬೆರಳಿಗೆ ಏನೂ ತಾಗುವುದಿಲ್ಲ."

"ಹೌದಾ," ಎಂದಳು, ಬೀಡಿಗೆ ನೂಲು ಸುತ್ತುತ್ತಾ. ಆ "ಹೌದಾ"ದಲ್ಲಿ ಏನಿತ್ತು ಎಂದು ನಾನು ಕೇಳಲಿಲ್ಲ.

ಅವಳ ಹಳೆಯ ಕಾರ್ಡಿನ ಅವಧಿ ಮುಗಿದು ನನ್ನ ನೀಲಿ ಕಾರ್ಡು ಅಂಚೆಯಲ್ಲಿ ಬಂತು. ಆ ತಿಂಗಳು ಅಮ್ಮ ಬೇಗನೆ ಮರಳಿದಳು, ಗೋಳಿಬಜೆಯ ವಾಸನೆಯಿಲ್ಲದೆ. ತಲೆಕೆಳಗು ಹಾಕಿದಳಂತೆ, ಹಿಂದುಮುಂದು ಹಾಕಿದಳಂತೆ. ಹಿಂದೆ ಸಾಲಿನಲ್ಲಿದ್ದ ಒಬ್ಬ ಕಾಲೇಜು ಹುಡುಗಿ "ಕೊಡಿ ಅಜ್ಜಿ, ನಾನು ಮಾಡ್ತೇನೆ, ನಂಬರ್ ಹೇಳಿ" ಎಂದಳಂತೆ. ಅಮ್ಮ ಕಾರ್ಡನ್ನು ಚೀಲಕ್ಕೆ ಹಾಕಿಕೊಂಡು ಹಾಗೆಯೇ ಬಂದಿದ್ದಳು. ಅಜ್ಜಿ ಎಂದದ್ದಕ್ಕೆ ಸಿಟ್ಟೋ, ನಂಬರ್ ಕೇಳಿದ್ದಕ್ಕೋ ಎಂದು ನಾನು ತಮಾಷೆ ಮಾಡಿದೆ. ಅವಳು ನಗಲಿಲ್ಲ.

"ನನಗೆ ಹೇಳು ನಂಬರ್," ಎಂದೆ. "ಬರುವಾಗ ತಂದುಬಿಡ್ತೇನೆ. ಎಂತ ದೊಡ್ಡ ಕೆಲಸ?"

"ಯಾರಿಗೂ ಹೇಳಬಾರದು ಅಂತ ಕಾರ್ಡಿನ ಜೊತೆ ಕಾಗದ ಬರ್ತದಲ್ಲ, ಅದನ್ನು ಬರೆಯುವುದು ಯಾರು?"

ಆ ಕಾಗದದ ಕನ್ನಡ ನನ್ನದೇ. "ತಮ್ಮ ಗುಪ್ತ ಸಂಖ್ಯೆಯನ್ನು ಕುಟುಂಬದ ಸದಸ್ಯರಿಗೂ ತಿಳಿಸಬಾರದು" ಎಂದು ನಾನೇ ಬರೆದಿದ್ದೆ, ಒಳ್ಳೆಯ ವಾಕ್ಯ ಎಂದು ಬೆನ್ನನ್ನೂ ತಟ್ಟಿಕೊಂಡಿದ್ದೆ.

ಇದಾದ ಮರುವಾರವೇ ಆ ಭಾನುವಾರದ ಕತ್ತರಿ. ನಾನು ಕೂಗಾಡಿದೆ. ಅಂಚಿನ ಸುತ್ತ ತಂತಿ ಉಂಟು, ಅದನ್ನು ಕತ್ತರಿಸಿದರೆ ಇನ್ನು ಅಂಗಡಿಯ ಮಿಷನ್‌ಗೆ ಕಾರ್ಡು ಮುಟ್ಟಿಸಿದರೆ ದುಡ್ಡು ಹೋಗುವುದಿಲ್ಲ ಎಂದೆ. "ಮುಟ್ಟಿಸಿ ದುಡ್ಡು ಕೊಡುವ ಅಂಗಡಿ ನಮ್ಮಲ್ಲಿ ಯಾವುದುಂಟು ಮಾರಾಯ್ತಿ? ಮೀನಿನವಳ ಬುಟ್ಟಿಗೆ ಮುಟ್ಟಿಸುವುದಾ?" ಎಂದಳು. ಆಮೇಲೆ ಕತ್ತರಿ ಕೆಳಗಿಟ್ಟು, ನನ್ನ ಚೀಲದಿಂದ ನನ್ನ ಎಟಿಎಂ ಕಾರ್ಡು, ಪ್ಯಾನ್ ಕಾರ್ಡು, ಆರೋಗ್ಯ ಕಾರ್ಡು ತೆಗೆಸಿದಳು. "ಕಣ್ಣು ಮುಚ್ಚು. ನಿನ್ನ ಎಟಿಎಂ ಯಾವುದು, ಮೇಲು ಯಾವುದು, ಹೇಳು."

ನಾನು ಕಣ್ಣು ಮುಚ್ಚಿದೆ. ಮೂರೂ ಒಂದೇ ಅಳತೆ, ಒಂದೇ ನುಣುಪು. ಚಿಪ್ಪಿನ ಅಂಚಾದರೂ ತಾಗೀತು ಎಂದು ತಡಕಾಡಿದೆ. ಅದು ಸ್ವಲ್ಪವೂ ತಾಗಬಾರದೆಂದು ಎಷ್ಟು ಕಾರ್ಡುಗಳನ್ನು ನಾವೇ ತಿರಸ್ಕರಿಸಿದ್ದೆವೋ! ಕೊನೆಗೆ ಒಂದನ್ನು ಎತ್ತಿ ತೋರಿಸಿದೆ. ಅದು ಆರೋಗ್ಯ ಕಾರ್ಡು, ತಲೆಕೆಳಗು.

"ಮಿಷನ್‌ನ ಐದಕ್ಕೆ ಒಂದು ಚುಕ್ಕಿ ಇಟ್ಟಿದ್ದಾರೆ, ಪುಣ್ಯಾತ್ಮರು," ಎಂದಳು ಅಮ್ಮ. "ನೀವು ಇದ್ದದ್ದನ್ನೂ ತೆಗೆದಿರಿ."

ನನಗೆ ನಾಚಿಕೆಯಾಯಿತು. ಅವಳ ದಾರಿಯನ್ನು ನಾನೇ ಉಜ್ಜಿ ಅಳಿಸಿಹಾಕಿ, ಕನ್ನಡಿಯ ಹಾಗಿದೆ ಎಂದು ಅವಳಿಗೇ ಹೇಳಿದ್ದೆ.

ಅವಳು ಕತ್ತರಿಸಿದ್ದನ್ನು ನೋಡಿದರೆ ಅದೇನೂ ಅಡ್ಡಾದಿಡ್ಡಿ ಇರಲಿಲ್ಲ. ಚಿಪ್ಪಿನ ಎದುರು ತುದಿಯಲ್ಲಿ, ಹಿಂಬದಿಯ ಕಪ್ಪು ಪಟ್ಟಿಯಿಂದ ದೂರದಲ್ಲಿ, ಒಂದು ಬದಿಗೆ ಸರಿದ ಸಣ್ಣ ಕಚ್ಚು. ಎಡಗೈ ಹೆಬ್ಬೆರಳಿಗೆ ಅದು ಸಿಕ್ಕಿದರೆ ಕಾರ್ಡು ಸರಿಯಾಗಿದೆ ಎಂದರ್ಥ. ಎಡಗೈ ಯಾಕೆ ಎಂದರೆ, "ಎಲೆ ಹಿಡಿಯುವುದು ಅದು, ಬುದ್ಧಿ ಇರುವುದು ಅದಕ್ಕೆ." ಮರುದಿನ ನಾನು ರಜೆ ಹಾಕಿ ಜೊತೆಗೆ ಹೋದೆ, ರಸ್ತೆಯ ಆಚೆ ಬದಿಯಲ್ಲೇ ನಿಂತಿರಬೇಕು ಎಂಬ ಷರತ್ತಿನ ಮೇಲೆ. ಮಿಷನ್ ಕಚ್ಚು ಬಿದ್ದ ಕಾರ್ಡನ್ನು ಚಕಾರವೆತ್ತದೆ ತೆಗೆದುಕೊಂಡಿತು. ನನಗೂ ಒಂದು ಗೋಳಿಬಜೆ ಸಿಕ್ಕಿತು.

ಕಾರ್ಖಾನೆಯಲ್ಲಿ ಮುಖ್ಯಸ್ಥರಿಗೆ ಹೇಳಿದಾಗ ಅವರು ಹುಬ್ಬು ಗಂಟಿಕ್ಕಿದರು. "ಹಲ್ಲು ಬಿದ್ದ ಕಾರ್ಡನ್ನು ಯಾವ ಬ್ಯಾಂಕಿನವರು ತೆಗೊಳ್ತಾರೆ?" ನಾನು ಅವರ ಮುಂದೆಯೂ ಮೂರು ಕಾರ್ಡು ಇಟ್ಟು ಕಣ್ಣು ಮುಚ್ಚಿಸಿದೆ. ಅವರು ತೋರಿಸಿದ್ದು ಸಹಕಾರಿ ಸಂಘದ ಸದಸ್ಯತ್ವದ ಕಾರ್ಡು. ಸಂಜೆಯೊಳಗೆ ಮಾದರಿ ಮಾಡಲು ಒಪ್ಪಿಗೆ ಸಿಕ್ಕಿತು.

ನಮ್ಮ ಗೇಟಿನಲ್ಲಿ ಕಾವಲು ಬಹಳ ಬಿಗಿ. ಹಾಳಾದ ಕಾರ್ಡು ಕೂಡ ಹೊರಗೆ ಬರುವಂತಿಲ್ಲ, ಪುಡಿಯಾಗಿಯೇ ಬರಬೇಕು. ಹಾಗಾಗಿ ಅಚ್ಚಿಲ್ಲದ, ಚಿಪ್ಪಿಲ್ಲದ ಬಿಳಿ ಪ್ಲಾಸ್ಟಿಕ್ಕಿನ ಮೂರು ತುಂಡುಗಳಿಗೆ ಕಚ್ಚು ಹಾಕಿಸಿ, ಚಿಪ್ಪು ಇರಬೇಕಾದ ಕಡೆ ಪೆನ್ನಿನಲ್ಲಿ ಚೌಕ ಬರೆದು, ಗೇಟ್ ಪಾಸು ಮಾಡಿಸಿಕೊಂಡೆ. ಕಾರಣ ಎಂಬಲ್ಲಿ ಮುಖ್ಯಸ್ಥರು "ಅಮ್ಮನ ಪರೀಕ್ಷೆಗೆ" ಎಂದು ಬರೆದಿದ್ದರು. ಕಾವಲಿನವರು ಅದನ್ನು ಎರಡು ಸಲ ಓದಿದರು.

ಜಗಲಿಯಲ್ಲಿ ಅಮ್ಮ ಮೊದಲನೆಯದನ್ನು ಎತ್ತಿಕೊಂಡಳು. ಕಚ್ಚು ಅಂಚಿನ ನಟ್ಟನಡುವೆ ಇತ್ತು, ಚೆಂದಕ್ಕೆಂದು ನಾನೇ ಹಾಗೆ ಇಟ್ಟಿದ್ದೆ. ಅವಳು ಒಮ್ಮೆ ಮಗುಚಿ ಹಾಕಿ ಮತ್ತೆ ತಡವಿದಳು. ಹೇಗೆ ಮಗುಚಿದರೂ ಕಚ್ಚು ಅಲ್ಲೇ! ಪಕ್ಕಕ್ಕೆ ಎಸೆದಳು. ಎರಡನೆಯದರ ಕಚ್ಚು ಎಷ್ಟು ಸಣ್ಣದೆಂದರೆ ಉಗುರಿಗೆ ಮಾತ್ರ ಸಿಕ್ಕಿತು, ಅದನ್ನೂ ಎಸೆದಳು. ಮೂರನೆಯದನ್ನು ಬಟ್ಟೆಯ ಪರ್ಸಿನೊಳಗೆ ತುರುಕಿ ಹೊರಗೆ ಎಳೆದಳು. ಕಚ್ಚಿನ ಮೂಲೆಗೆ ನೂಲು ಸಿಕ್ಕಿಹಾಕಿಕೊಂಡು ಬಂತು. ಅದೂ ಹೋಯಿತು. ಒಂದಕ್ಕೂ ಕಾರಣ ಹೇಳಲಿಲ್ಲ. ಬ್ರಾಂಚಿನ ಯಜಮಾನರ ಎದುರು ಅವಳು ಅಷ್ಟು ವರ್ಷ ಹೇಗೆ ನಿಂತಿದ್ದಳು ಎಂದು ನನಗೆ ಆವತ್ತು ತಿಳಿಯಿತು.

ಬ್ಯಾಂಕಿನವರ ಒಪ್ಪಿಗೆ ಎಂಬುದು ನಮ್ಮೂರಿನ ಕೊನೆಯ ಬಸ್ಸಿನ ಹಾಗೆ, ಬಂದರೆ ಬಂತು. ಅಷ್ಟರಲ್ಲಿ ಆಚೆ ಮನೆಯ ಬ್ಯಾರಿ ಹೆಂಗಸು, ಅಮ್ಮನ ಜೊತೆಗೇ ಬೀಡಿ ಕಟ್ಟುವವರು, ತಮ್ಮ ಕಾರ್ಡು ಹಿಡಿದುಕೊಂಡು ಬಂದರು. "ನನ್ನದಕ್ಕೂ ಒಂದು ಹಾಕಿ ಕೊಡಿ ಅಕ್ಕ. ಕನ್ನಡಕ ಹಾಕಿದ್ರೂ ಮೇಲೆ ಕೆಳಗೆ ಗೊತ್ತಾಗುವುದಿಲ್ಲ." ಬ್ಯಾಂಕಿನವರು ಬೈಯುತ್ತಾರೆ ಎಂದು ನಾನು ಹೇಳಿದೆ. ಇಬ್ಬರೂ ನನ್ನ ಕಡೆ ನೋಡಲಿಲ್ಲ. ಅಮ್ಮ ಬಿಸ್ಕತ್ತಿನ ಡಬ್ಬದ ಮುಚ್ಚಳದಿಂದ ಕಾರ್ಡಿನ ಅಳತೆಗೆ ಒಂದು ತಗಡನ್ನೇ ಕತ್ತರಿಸಿಕೊಂಡಳು, ಕಚ್ಚು ಎಲ್ಲಿ ಬರಬೇಕೋ ಅಲ್ಲಿ ಅದಕ್ಕೂ ಒಂದು ಕಚ್ಚು ಹಾಕಿ. ಆಮೇಲೆ ಇನ್ನೂ ಕೆಲವರು ಬಂದರು. ಊರಿನಲ್ಲಿ ಕಾರ್ಡಿನ ಕೆಲಸದವರು ಯಾರು ಎಂದು ಆಗ ಕೇಳಿದ್ದರೆ ಅಮ್ಮನ ಹೆಸರನ್ನೇ ಹೇಳುತ್ತಿದ್ದರು. ಇಂಥ ಕಚ್ಚಿನ ಕಾರ್ಡುಗಳು ಬೇರೆ ಕಡೆ ಮೊದಲೇ ಬಂದಿವೆ ಎಂದು ನನಗೆ ಗೊತ್ತಾದ ದಿನ, ಅವಳ ಜಂಬ ಇಳಿಸುವ ಎಂದು ಓಡಿ ಬಂದು ಹೇಳಿದೆ.

"ಹೌದಾ? ಅವರ ಅಮ್ಮನೂ ಬೀಡಿ ಕಟ್ಟುವವಳೋ ಏನೋ," ಎಂದಳು.

ನಾನು ಆ ತಗಡನ್ನು ಬಿಳಿ ಕಾಗದದ ಮೇಲೆ ಇಟ್ಟು, ಸುತ್ತ ಪೆನ್ಸಿಲ್ ಎಳೆದು, ಕಾಗದವನ್ನು ಕಾರ್ಖಾನೆಗೆ ಒಯ್ದೆ. ಕಚ್ಚಿನ ಮೂಲೆಗಳನ್ನು ಉರುಟಾಗಿಸಿದೆವು, ಒಳಗಿನ ತಂತಿಯನ್ನು ಅಲ್ಲಿ ಸ್ವಲ್ಪ ಒಳಕ್ಕೆ ಬಾಗಿಸಿದೆವು. ನೀಲಿಯ ಬಗ್ಗೆ ಈ ಸಲ ಯಾರೂ ಮಾತೇ ಎತ್ತಲಿಲ್ಲ. ಬಹಳ ತಿಂಗಳುಗಳ ಮೇಲೆ ಬ್ಯಾಂಕಿನವರು ಹೂಂ ಎಂದರು. ಅಮ್ಮನ ಹೊಸ ಕಾರ್ಡು ಅಂಚೆಯಲ್ಲಿ ಬರುವಷ್ಟರಲ್ಲಿ ಅವಳ ಕಣ್ಣಿನ ಊದುಕೊಳವೆ ಇನ್ನಷ್ಟು ಸಪೂರವಾಗಿತ್ತು.

ಅವಳು ಲಕೋಟೆ ಬಿಡಿಸಿ, ಮುಖವನ್ನು ಅಂಗಳದ ಕಡೆ ಇಟ್ಟುಕೊಂಡೇ ಎಡಗೈ ಹೆಬ್ಬೆರಳನ್ನು ಅಂಚಿನ ಮೇಲೆ ಓಡಿಸಿದಳು. ಮಗುಚಿದಳು. ಹಿಂದುಮುಂದು ಮಾಡಿದಳು. ಪರ್ಸಿಗೆ ತುರುಕಿ ಎಳೆದಳು. ನೂಲು ಬರಲಿಲ್ಲ. ಯಾವ ಬ್ಯಾಂಕಿನವರ ಎದುರೂ ನಾನು ಅಷ್ಟು ಮುದುಡಿ ಕುಳಿತದ್ದಿಲ್ಲ. ಎಸೆಯುತ್ತಾಳೆ ಎಂದೇ ಕಾದೆ. ಅವಳು ಏನೂ ಮಾತಾಡದೆ ಕಾರ್ಡನ್ನು ಪರ್ಸಿನೊಳಗೆ ಇಟ್ಟು, ಪರ್ಸನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹತ್ತೂಕಾಲಿನ ಬಸ್ಸು ಹೋಗಿಲ್ಲ ಅಲ್ವಾ?" ಎಂದು ಎದ್ದಳು.

"ಇಲ್ಲ. ಚಪ್ಪಲಿ ಹಾಕ್ತೇನೆ, ಹೋಗುವ," ಎಂದೆ ನಾನು.

"ನೀನು ಎಲ್ಲಿಗೆ?" ಎಂದು ಕೇಳಿ, ಅಮ್ಮ ಮೆಟ್ಟಿಲು ಇಳಿದು ರಸ್ತೆಯ ಕಡೆ ನಡೆದಳು. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ನಾನು ಜಗಲಿಯಲ್ಲೇ ಉಳಿದೆ.