ಹಿಂದಿನ ಮೆಟ್ಟಿಲ ಕೆಳಗಿನ ಅಂಗಡಿ

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು, ಆದರೆ ಸಂಬಳದ ದಿನ ಬಿಟ್ಟರೆ ಅದು ಬಳಕೆಗೆ ಬರುತ್ತಿರಲಿಲ್ಲ. ಕಚೇರಿಯಲ್ಲೂ ಬೀದಿಯಲ್ಲೂ ಎಲ್ಲರ ಬಾಯಲ್ಲಿ ಅವನು ಜರಡಿಯಪ್ಪ. ದೇಶದ ಅತಿ ದೊಡ್ಡ ಕೋರ್ಟಿನ ನೆಲಮಾಳಿಗೆಯಲ್ಲಿ ಕೂತು ಜರಡಿ ಹಿಡಿಯುವುದೇ ಅವನ ಉದ್ಯೋಗ. ಕೆಳಗಿನ ಕೋರ್ಟುಗಳಲ್ಲಿ ಸೋತವರ ಮೇಲ್ಮನವಿಗಳು ಮೂಟೆ ಮೂಟೆಯಾಗಿ ಅಲ್ಲಿಗೆ ಬಂದು ಬೀಳುತ್ತಿದ್ದವು. ಅಷ್ಟನ್ನೂ ನ್ಯಾಯಮೂರ್ತಿಗಳೇ ಓದುತ್ತ ಕೂತರೆ ಅವರ ಮೊಮ್ಮಕ್ಕಳ ಕಾಲಕ್ಕೂ ಮುಗಿಯುತ್ತಿರಲಿಲ್ಲ. ಅದಕ್ಕೇ ಜರಡಿಯಪ್ಪನೂ ಅವನ ಸಹೋದ್ಯೋಗಿಗಳೂ ಒಂದೊಂದು ಕಟ್ಟನ್ನೂ ಓದಿ, ಒಂದು ಪುಟಕ್ಕೆ ಇಳಿಸಿ, ಅಡಿಯಲ್ಲಿ ‘ಕೇಳಬಹುದು’ ಅಥವಾ ‘ಬೇಡ’ ಎಂದು ಬರೆದು ಮೇಲಿನ ಮಹಡಿಗೆ ಕಳಿಸುತ್ತಿದ್ದರು. ಬಹುಪಾಲು ಪುಟಗಳ ಹಣೆಬರಹ ‘ಬೇಡ’ ಎಂದೇ ಇರುತ್ತಿತ್ತು.

ಕೆಳಗೆ ತಪ್ಪು ತೀರ್ಪು ಬಂದರೆ ದೊಡ್ಡ ಕೋರ್ಟು ಸರಿಮಾಡುತ್ತದೆ ಎಂದು ಹೊರಗಿನ ಜನ ನಂಬಿಕೊಂಡಿರುತ್ತಾರೆ, ಪಾಪ. ಹೊಸದಾಗಿ ಕೆಲಸಕ್ಕೆ ಸೇರಿದವರ ತಲೆಯಿಂದ ಜರಡಿಯಪ್ಪ ಮೊದಲ ದಿನವೇ ಈ ಭ್ರಮೆ ಬಿಡಿಸುತ್ತಿದ್ದ.

“ತೀರ್ಪು ತಪ್ಪಾ? ಆಗಿರ್ಲಿ ಬಿಡಿ, ತಪ್ಪು ದಿನಾ ಆಗುತ್ತೆ. ಇಡೀ ದೇಶಕ್ಕೆ ಬೇಕಾದ ಪ್ರಶ್ನೆನಾ? ಎರಡು ಕೋರ್ಟು ಎರಡು ಥರ ಹೇಳಿವೆಯಾ? ಅದನ್ನ ನೋಡಿ. ಒಬ್ಬೊಬ್ಬರ ಗೋಳು ಕೇಳೋಕೆ ಇಲ್ಲಿ ಯಾರೂ ಕೂತಿಲ್ಲ.”

ಗೋಳು ಎನ್ನುವುದು ಅವನ ಬಾಯಲ್ಲಿ ಬೈಗುಳವಾಗಿಬಿಟ್ಟಿತ್ತು. ಆ ಬೈಗುಳ ಅವನ ಹಿಂದೆಯೇ ಮನೆಗೂ ಬಂದಿತು.

“ರೀ, ಅಡುಗೆಮನೆ ನಲ್ಲಿ ಸೋರ್ತಿದೆ,” ಎಂದಳು ಹೆಂಡತಿ.

“ಬಚ್ಚಲುಮನೇದೂ ಸೋರ್ತಿದೆಯಾ?”

“ಇಲ್ಲ.”

“ಹಾಗಾದ್ರೆ ಇದು ಒಂದು ನಲ್ಲಿ ವಿಷಯ, ಮನೆ ವಿಷಯ ಅಲ್ಲ.”

ಹೆಂಡತಿ ಮೂಗು ಮುರಿದು ನಲ್ಲಿಯ ಕೆಳಗೆ ಬಕೆಟ್ ಇಟ್ಟಳು. ಮಗಳು ಇನ್ನೂ ಚೂಟಿ. ಶಾಲೆಯ ಪ್ರವಾಸಕ್ಕೆ ಹೋಗಬೇಕೆಂದರೆ ಅಮ್ಮನಿಂದ ಹೂಂ ಅನ್ನಿಸಿ, ಅಜ್ಜಿಯಿಂದ ಉಹೂಂ ಅನ್ನಿಸಿ, ಆಮೇಲೆ ಅಪ್ಪನ ಮುಂದೆ ನಿಲ್ಲುತ್ತಿದ್ದಳು. ಎರಡು ಕಡೆಯಿಂದ ಎರಡು ಮಾತು ಬಂದಿದೆ ಎಂದರೆ ಸಾಕು, ಅಪ್ಪ ಕನ್ನಡಕ ಹಾಕಿಕೊಂಡು ಕೂತು ಕೇಳುತ್ತಾನೆಂದು ಅವಳಿಗೆ ಗೊತ್ತಿತ್ತು.

ಇಂಥ ಜರಡಿಯಪ್ಪನ ಅಕ್ಕನ ಕೇಸೇ ದೊಡ್ಡ ಕೋರ್ಟಿನ ಬಾಗಿಲಿಗೆ ಬಂದಿತು.

ಅಕ್ಕ ಬಟ್ಟೆ ರಿಪೇರಿಯವಳು. ಜಿಪ್ಪು ಹಾಕುವುದು, ಪ್ಯಾಂಟಿನ ಉದ್ದ ಕತ್ತರಿಸುವುದು, ದಪ್ಪಗಾದವರ ರವಿಕೆ ಬಿಚ್ಚಿ ಸಡಿಲ ಮಾಡುವುದು. ಭಾವ ತೀರಿಕೊಂಡ ಮೇಲೆ ಅವಳನ್ನು ಸಾಕಿದ್ದು ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿ. ಕಟ್ಟಡದ ಮಾಲೀಕನಿಗೆ ಅವಳನ್ನು ಎಬ್ಬಿಸಬೇಕಿತ್ತು. ಅವನು ಕೋರ್ಟಿಗೆ ಹೋಗಿ ಎರಡು ಮಾತು ಹೇಳಿದ. ಒಂದು, ಮೆಟ್ಟಿಲ ಕೆಳಗಿನ ಜಾಗ ಅಂಗಡಿಯೇ ಅಲ್ಲ, ಅದು ಮೆಟ್ಟಿಲೇ, ಬಾಡಿಗೆದಾರರ ಕಾನೂನು ಅದಕ್ಕೆ ಅನ್ವಯಿಸುವುದಿಲ್ಲ. ಇನ್ನೊಂದು, ಹೇಗೂ ಆಕೆ ಅಂಗಡಿ ಮುಚ್ಚಿಕೊಂಡು ಹೋಗಿದ್ದಾಳೆ.

ಎರಡನೆಯದು ಹಸಿ ಸುಳ್ಳು. ಕೋರ್ಟು ಸ್ಥಳ ನೋಡಿಕೊಂಡು ಬರಲು ಒಬ್ಬ ವಕೀಲನನ್ನು ಕಳಿಸಿತು. ಆ ಕಟ್ಟಡಕ್ಕೆ ಮುಂದೊಂದು ಮೆಟ್ಟಿಲು, ಹಿಂದೊಂದು ಮೆಟ್ಟಿಲು. ಮುಂದಿನ ಮೆಟ್ಟಿಲ ಕೆಳಗೆ ಗಡಿಯಾರ ರಿಪೇರಿಯವನೊಬ್ಬ ಬಿಟ್ಟುಹೋದ ಅಂಗಡಿಯಿತ್ತು. ಅದರ ತುಕ್ಕು ಹಿಡಿದ ಷಟರ್ ನೋಡಿದ ಆ ಪುಣ್ಯಾತ್ಮ ‘ಮೆಟ್ಟಿಲ ಕೆಳಗಿನ ಅಂಗಡಿ ಮುಚ್ಚಿದೆ’ ಎಂದು ಬರೆದು ಕೈತೊಳೆದುಕೊಂಡ. ಆ ಹೊತ್ತಿಗೆ ಅಕ್ಕ ಹಿಂದಿನ ಮೆಟ್ಟಿಲ ಕೆಳಗೆ ಮಷೀನು ತುಳಿಯುತ್ತಿದ್ದಳು. ಕೆಳಗಿನ ಎರಡು ಕೋರ್ಟುಗಳೂ ಆ ವರದಿಯನ್ನು ಕಣ್ಣುಮುಚ್ಚಿ ಒಪ್ಪಿಕೊಂಡು, ಮಾಲೀಕನ ಎರಡೂ ಮಾತು ಎತ್ತಿಹಿಡಿದು, ಅಂಗಡಿ ಖಾಲಿ ಮಾಡಲು ಆದೇಶಿಸಿದವು.

ಅಕ್ಕನ ವಕೀಲರು ದೊಡ್ಡ ಕೋರ್ಟಿಗೆ ಮೇಲ್ಮನವಿ ಬರೆದರು. ಅಕ್ಕ ಅದನ್ನು ತಂದು ತಮ್ಮನ ಅಡುಗೆಮನೆಯ ಮೇಜಿನ ಮೇಲಿಟ್ಟಳು. ಮೊದಲ ಸಾಲೇ, ‘ಸ್ಥಳ ನೋಡಲು ಬಂದವರು ಬೇರೆ ಮೆಟ್ಟಿಲನ್ನು ನೋಡಿ ಹೋಗಿದ್ದಾರೆ’ ಎಂದಿತ್ತು. ಜರಡಿಯಪ್ಪ ಪೆನ್ನು ತೆಗೆದು ಅದನ್ನು ಹೊಡೆದುಹಾಕಿದ.

“ಅಯ್ಯೋ, ಅದೇ ಕಣೋ ನಿಜವಾಗಿ ನಡೆದದ್ದು!” ಎಂದಳು ಅಕ್ಕ.

“ನಡೆದದ್ದು ಯಾರಿಗೆ ಬೇಕು ಅಕ್ಕ? ಇದನ್ನ ನೋಡಿದ ತಕ್ಷಣ ಗೋಳು ಅಂತ ಪಕ್ಕಕ್ಕೆ ಇಡ್ತಾರೆ. ನಾನೇ ಆಗಿದ್ರೂ ಇಡ್ತಿದ್ದೆ. ದೇಶದಲ್ಲಿ ಎಷ್ಟು ಮೆಟ್ಟಿಲಿವೆ, ಅವುಗಳ ಕೆಳಗೆ ಎಷ್ಟು ಜನ ಬದುಕ್ತಿದ್ದಾರೆ! ಆ ಜಾಗ ಅಂಗಡಿಯಾ, ಮೆಟ್ಟಿಲಾ? ಇದು ಪ್ರಶ್ನೆ ಅಂದ್ರೆ!”

“ನನ್ನ ಅಂಗಡಿ ಉಳಿಯುತ್ತೆ ತಾನೆ?”

“ಮೊದಲು ಒಳಗೆ ಹೋಗ್ಲಿ. ಒಳಗೆ ಹೋದ್ರೆ ಉಳಿದ ಹಾಗೇ.”

ತಮ್ಮ ದೊಡ್ಡ ಕೋರ್ಟಿನವನು. ಅಕ್ಕ ಕಾಗದಗಳನ್ನು ಮಡಚಿ ವಕೀಲರ ಬಳಿಗೆ ಒಯ್ದಳು. ವಕೀಲರು ಕೂಡ ಒಳಗಿನವರ ಸಲಹೆ ಎಂದು ಹಿಗ್ಗಿ, ಆ ಮಾತನ್ನು ಎಲ್ಲ ಪುಟಗಳಿಂದಲೂ ಕಿತ್ತುಹಾಕಿದರು.

ಕಟ್ಟು ನೆಲಮಾಳಿಗೆಗೆ ಬಂದ ದಿನ ಜರಡಿಯಪ್ಪ ಎದ್ದು ನಿಂತು, “ಸಾರ್, ಇದು ನಮ್ಮಕ್ಕನ ಕೇಸು. ನಾನು ಮುಟ್ಟೋದಿಲ್ಲ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಮೇಲಧಿಕಾರಿ ಅವನ ಪ್ರಾಮಾಣಿಕತೆಯನ್ನು ಬಾಯ್ತುಂಬ ಹೊಗಳಿದರು. ಅಡುಗೆಮನೆಯ ಮೇಜಿನ ವಿಷಯ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಕಟ್ಟು ಅವನೇ ಪಳಗಿಸಿದ ಹುಡುಗಿಯೊಬ್ಬಳ ಮೇಜಿಗೆ ಹೋಯಿತು. ಓದುತ್ತ ಓದುತ್ತ ಅವಳ ಮುಖ ಅರಳಿತು. ಅಡಿಯಲ್ಲಿ ‘ಕೇಳಬಹುದು’ ಎಂದು ಬರೆದು ಗೆರೆಯನ್ನೂ ಎಳೆದಳು. ಆ ಸಂಜೆ ಜರಡಿಯಪ್ಪನ ಕಾಲು ನೆಲದ ಮೇಲಿರಲಿಲ್ಲ.

ವಿಚಾರಣೆ ಭರ್ಜರಿಯಾಗಿ ನಡೆಯಿತು. ಕಟ್ಟಡ ಮಾಲೀಕರ ಸಂಘ ಬಂತು, ಸಣ್ಣ ವ್ಯಾಪಾರಿಗಳ ಸಂಘ ಬಂತು, ಎರಡೂ ಕಡೆ ಘಟಾನುಘಟಿ ವಕೀಲರು ಬಂದರು. ಮೆಟ್ಟಿಲು ಎಂದರೇನು? ಮರದ ಏಣಿ ಮೆಟ್ಟಿಲೇ? ಏಣಿಯ ಕೆಳಗೆ ಒಬ್ಬ ಬುಟ್ಟಿ ಇಟ್ಟುಕೊಂಡು ಕೂತರೆ ಅದು ಅಂಗಡಿಯೇ? ನ್ಯಾಯಮೂರ್ತಿಯೊಬ್ಬರು ನಿಘಂಟು ತರಿಸಿದರು. ಅಕ್ಕ ಊಟದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಯಾರಾದರೂ ತನ್ನನ್ನು ಒಂದು ಮಾತು ಕೇಳಿಯಾರು ಎಂದು ಕಾದಳು. ಅವಳ ವಕೀಲರನ್ನು ಬಿಟ್ಟರೆ ಆಕೆ ಯಾರೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ತೀರ್ಪು ಬಂತು. ಮೆಟ್ಟಿಲ ಕೆಳಗಿನ ಜಾಗವೂ ಅಂಗಡಿಯೇ, ಅಲ್ಲಿ ಬಾಡಿಗೆಗೆ ಇರುವವರಿಗೂ ಕಾನೂನಿನ ರಕ್ಷಣೆ ಉಂಟು! ಪತ್ರಿಕೆಗಳು ಕೊಂಡಾಡಿದವು. ಜರಡಿಯಪ್ಪ ಕಚೇರಿಯವರಿಗೆಲ್ಲ ಚಹಾ ಕೊಡಿಸಿ, ಲೋಟ ಹಿಡಿದುಕೊಂಡೇ ಕೊನೆಯ ಪುಟ ತಿರುವಿದ. ಅಲ್ಲಿ ಹೀಗಿತ್ತು: ‘ಮೇಲ್ಮನವಿದಾರಳ ಅಂಗಡಿ ಮುಚ್ಚಿತ್ತು ಎಂಬ ವರದಿಯನ್ನು ಆಕೆ ನಮ್ಮ ಮುಂದೆ ಅಲ್ಲಗಳೆದಿಲ್ಲ. ಆದ್ದರಿಂದ ಆಕೆಯ ಮಟ್ಟಿಗೆ ಕೆಳಗಿನ ಆದೇಶವೇ ಉಳಿಯುತ್ತದೆ.’

ಅವನು ಆ ಸಾಲನ್ನು ಎರಡೆರಡು ಸಲ ಓದಿದ. ಚಹಾ ಅಲ್ಲೇ ಆರಿತು.

ಅಂಗಡಿ ಖಾಲಿ ಮಾಡುವ ದಿನ ಅವನು ರಜೆ ಹಾಕಿ ಹೋದ. ಅಕ್ಕ ದಾರದ ಉಂಡೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಪಕ್ಕದ ಬೀದಿಯ ಮೆಟ್ಟಿಲ ಕೆಳಗೆ ಕೂರುವ ಬೀಗದ ಕೈ ಮಾಡುವವನು ಬಂದು ಕೈಮುಗಿದ.

“ನಿಮ್ಮಿಂದ ನಾವೆಲ್ಲ ಉಳಿದ್ವಿ ಅಕ್ಕಾ.”

“ಒಳ್ಳೇದಾಗ್ಲಿ ಅಣ್ಣಾ,” ಎಂದಳು ಅಕ್ಕ. ಮನಸಾರೆಯೇ ಹೇಳಿದಳು. ಅವನು ಹೋದ ಮೇಲೆ ತಮ್ಮನ ಕಡೆ ತಿರುಗಿದಳು.

“ಅಷ್ಟು ಜನ ಅಷ್ಟು ದಿನ ಮಾತಾಡಿದ್ರಲ್ಲೋ. ಹಿಂದಿನ ಮೆಟ್ಟಿಲು ಅಂತ ಒಬ್ಬರ ಬಾಯಲ್ಲೂ ಬರ್ಲಿಲ್ವಾ?”

“ಬರೋ ಹಾಗಿರ್ಲಿಲ್ಲ ಅಕ್ಕ. ನಾನೇ ಹೊಡೆದುಹಾಕಿದ್ನಲ್ಲ. ಗೋಳು ಅನ್ಕೊಂಡೆ.”

“ಗೋಳಲ್ಲ ಕಣೋ. ನನ್ನ ಅಂಗಡಿ.”

ಅಕ್ಕ ರೇಗಲಿಲ್ಲ, ಅಳಲೂ ಇಲ್ಲ. “ಹಿಡ್ಕೋ ಆ ಕಡೆ,” ಎಂದು ಮಷೀನಿನ ಒಂದು ತುದಿ ಎತ್ತಿದಳು. ಜರಡಿಯಪ್ಪ ಅಲ್ಲಿಗೆ ಬರುತ್ತಿದ್ದುದು ಯಾವಾಗಲೂ ಹಿಂದಿನ ಓಣಿಯಿಂದ. ಇವತ್ತು ಗಾಡಿ ಮುಂದಿನ ರಸ್ತೆಯಲ್ಲಿ ನಿಂತಿತ್ತು. ಇಬ್ಬರೂ ಏದುಸಿರು ಬಿಡುತ್ತ ಕಟ್ಟಡ ಸುತ್ತಿ ಬಂದು, ಮುಂದಿನ ಮೆಟ್ಟಿಲ ಹತ್ತಿರ ಮಷೀನು ಇಳಿಸಿ ನಿಂತರು. ತುಕ್ಕು ಹಿಡಿದ ಷಟರ್. ಅದರ ಮೇಲೆ ಬಣ್ಣ ಮಾಸಿದ ಗಡಿಯಾರದ ಚಿತ್ರ. ದಾರಿಯಲ್ಲಿ ಹೋಗುವ ಯಾರಿಗಾದರೂ ಅದು ಬಟ್ಟೆ ರಿಪೇರಿ ಅಂಗಡಿಯಲ್ಲ ಎಂದು ತಿಳಿಯುತ್ತಿತ್ತು.

“ಅವರು ನೋಡಿದ್ದು ಇದನ್ನ,” ಎಂದಳು ಅಕ್ಕ.

ಜರಡಿಯಪ್ಪ ಅದನ್ನು ಅವತ್ತೇ ಮೊದಲ ಸಲ ನೋಡಿದ.